ಹಳೆಯ ಲ್ಯಾಪ್‌ಟಾಪು, ಲಿನಕ್ಸು ಮತ್ತು ನಿಸ್ತಂತು ಕಾರ್ಡು



೨೦೨೫ನೆಯ ಇಸವಿ ಅಕ್ಟೋಬರ್ ೧೪ನೆಯ ತಾರೀಖಿನಂದು ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ವಿಂಡೋಸ್ ೧೦ ಎಂಬ ಕಾರ್ಯಾಚರಣ ವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ಕೊನೆಗಾಣಿಸಿತು. ಅದರ ಉತ್ತರಾಧಿಕಾರಿಯಾದ ವಿಂಡೋಸ್ ೧೧ ಆದರೋ, ಟಿಪಿಎಂ ೨.೦ ಎಂಬ ಭದ್ರತಾ ಅಂಗವಿಲ್ಲದ ಯಂತ್ರಗಳನ್ನು ಅಧಿಕೃತವಾಗಿ ತನ್ನ ಪಂಕ್ತಿಗೆ ಸೇರಿಸಿಕೊಳ್ಳುವುದಿಲ್ಲ. ಹೀಗಾಗಿ ಕೀಲಿಮಣೆಯೂ ತೆರೆಯೂ ಸ್ಮೃತಿಕೋಶವೂ ಸುಸ್ಥಿತಿಯಲ್ಲಿರುವ, ಇನ್ನೂ ನಾಲ್ಕಾರು ವರ್ಷ ನಿರಾಯಾಸವಾಗಿ ದುಡಿಯಬಲ್ಲ ಎಷ್ಟೋ ಯಂತ್ರಗಳು, ತಮ್ಮದೇನೂ ದೋಷವಿಲ್ಲದೆ, ಒಂದು ದಿನದ ಅಂತರದಲ್ಲಿ ಹಳೆಯವು ಎನಿಸಿಕೊಂಡವು.

ಕೃಷ್ಣರಾಜಪೇಟೆ ತಾಲ್ಲೂಕಿನ ಬೂಕನಕೆರೆಯಂತಹ ಹೋಬಳಿ ಕೇಂದ್ರದಲ್ಲಿ ಇದರ ಅರ್ಥವೇನೆಂಬುದನ್ನು ಯೋಚಿಸಿ ನೋಡಬೇಕು. ಇಲ್ಲಿಯ ಎಷ್ಟೋ ಮನೆಗಳಿಗೆ ಲ್ಯಾಪ್‌ಟಾಪು ಬರುವುದು ಅಂಗಡಿಯ ಹೊಸ ಪೆಟ್ಟಿಗೆಯಲ್ಲಲ್ಲ; ಬೆಂಗಳೂರಿನಲ್ಲಿಯೋ ಮೈಸೂರಿನಲ್ಲಿಯೋ ಉದ್ಯೋಗದಲ್ಲಿರುವ ಅಣ್ಣನೋ ಚಿಕ್ಕಪ್ಪನೋ ಬಳಸಿ ಬಿಟ್ಟದ್ದು, ತಮ್ಮನ ಓದಿಗೆ ಆಗಲಿ, ತಂಗಿಯ ಓದಿಗೆ ಆಗಲಿ ಎಂದು ಬಟ್ಟೆಯ ಚೀಲದಲ್ಲಿ ಊರಿಗೆ ಬರುತ್ತದೆ. ಅದನ್ನು ಹಿಡಿದುಕೊಂಡು ಕೃಷ್ಣರಾಜಪೇಟೆಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿಗೋ ಪ್ರಥಮ ದರ್ಜೆ ಕಾಲೇಜಿಗೋ ಬಸ್ಸಿನಲ್ಲಿ ಹೋಗಿಬರುವ ವಿದ್ಯಾರ್ಥಿಗೆ, ಹೊಸದನ್ನು ಕೊಳ್ಳು ಎಂದು ಹೇಳುವುದು ಸುಲಭ, ಕೊಳ್ಳುವುದು ಸುಲಭವಲ್ಲ. ಅಂಥವರಿಗೆ ಉಳಿದಿರುವ, ಮತ್ತು ನನ್ನ ದೃಢವಾದ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಗೌರವಾನ್ವಿತವಾದ ಮಾರ್ಗವೆಂದರೆ ಲಿನಕ್ಸ್.

ಲಿನಕ್ಸಿನ ವಿಚಾರ ಬಹುಮಂದಿಗೆ ತಿಳಿದಿರುವುದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ೧೯೯೧ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಕರ್ನೆಲ್ ಎಂಬ ಅದರ ತಿರುಳನ್ನು ರಚಿಸಿ ಲೋಕದ ಮುಂದಿಟ್ಟನು; ಮಾರನೆಯ ವರ್ಷ ಅದನ್ನು ಯಾವ ಪರವಾನಗಿಯ ಅಡಿಯಲ್ಲಿ ತಂದನೆಂದರೆ, ಅದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು, ಆದರೆ ಹಂಚುವವನು ತಾನು ಪಡೆದ ಹಕ್ಕುಗಳನ್ನೆಲ್ಲ ಪಡೆಯುವವನಿಗೂ ಬಿಟ್ಟುಕೊಡತಕ್ಕದ್ದು. ನಮ್ಮ ದೇಶದಲ್ಲಿ ಅದು ಜನಸಾಮಾನ್ಯರ ಕೈಗೆ ಸಿಕ್ಕಿದ್ದು ೧೯೯೬ರಲ್ಲಿ, ಪಿಸಿ ಕ್ವೆಸ್ಟ್ ಎಂಬ ಮಾಸಪತ್ರಿಕೆಯು ಲಿನಕ್ಸಿನ ಸಿ.ಡಿ.ಯನ್ನು ತನ್ನ ಸಂಚಿಕೆಯೊಡನೆ ಹಂಚಿದಾಗ. ಆ ಕಾರ್ಯದ ಹಿಂದೆ ನಿಂತಿದ್ದವರಲ್ಲಿ ಪ್ರಮುಖರಾದ ಅತುಲ್ ಚಿಟ್ನಿಸ್ ಅವರು ಬೆಂಗಳೂರಿನ ನಿವಾಸಿಗಳಾಗಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಉದ್ಯಮಿಗಳೂ ಕೂಡಿ, ಬಡವರ ಕೈಗೂ ಎಟುಕಲಿ ಎಂದು ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈಗಣಕದೊಳಗೆ ನಡೆಯುತ್ತಿದ್ದುದೂ ಲಿನಕ್ಸೇ. ಆದುದರಿಂದ ಇದು ಕನ್ನಡನಾಡಿಗೆ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ.

ಈಗ ಲಿನಕ್ಸನ್ನು ಹಾಕಿಕೊಳ್ಳುವುದು ಕಷ್ಟದ ಕೆಲಸವಲ್ಲ. ಒಂದು ಪೆನ್‌ಡ್ರೈವಿನಿಂದ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ನೆಲೆಗೊಳ್ಳುತ್ತದೆ. ತೆರೆ ಬೆಳಗುತ್ತದೆ, ಧ್ವನಿ ಬರುತ್ತದೆ, ಕೀಲಿಮಣೆ ಮಾತು ಕೇಳುತ್ತದೆ. ಗುಬ್ಬಿ, ನವಿಲು ಎಂಬ ಮುದ್ದಾದ ಹೆಸರಿನ ಕನ್ನಡ ಅಕ್ಷರಶೈಲಿಗಳು ಡೆಬಿಯನ್ ಎಂಬ ಲಿನಕ್ಸ್ ಬಳಗದ ಭಂಡಾರದಲ್ಲಿಯೇ ಉಚಿತವಾಗಿ ದೊರೆಯುತ್ತವೆ. ಎಲ್ಲವೂ ಸರಿಯಾಯಿತೆಂದು ಸಂತೋಷಪಡುವ ವೇಳೆಗೆ ತೆರೆಯ ಮೂಲೆಯತ್ತ ದೃಷ್ಟಿ ಹಾಯುತ್ತದೆ. ಅಲ್ಲಿ ಬೀಸಣಿಗೆಯಾಕಾರದ ಆ ಸಣ್ಣ ಚಿಹ್ನೆ ಇರುವುದಿಲ್ಲ. ವೈಫೈ ಇಲ್ಲ. ಪಕ್ಕದಲ್ಲಿಯೇ ಇರುವ ಮೊಬೈಲು ಹಾಟ್‌ಸ್ಪಾಟನ್ನು ಎಷ್ಟು ಧಾರಾಳವಾಗಿ ಬಿತ್ತರಿಸುತ್ತಿದ್ದರೂ ಲ್ಯಾಪ್‌ಟಾಪಿಗೆ ಅದು ಕೇಳಿಸುತ್ತಿಲ್ಲ. ‘ಲಿನಕ್ಸ್ ಹಾಕಿದೆ, ನೆಟ್ ಹೋಯಿತು’ ಎಂದು ಹುಡುಗನು ಹೇಳುತ್ತಾನೆ. ‘ಇದ್ದದ್ದನ್ನು ಕೆಡಿಸಿದೆ’ ಎಂದು ಮನೆಯವರು ಹೇಳುತ್ತಾರೆ. ಇವೆರಡು ಮಾತೂ ಸರಿಯಲ್ಲವೆಂಬುದನ್ನೂ, ಈ ತೊಡಕಿನ ಮೂಲವೆಲ್ಲಿದೆ, ಪರಿಹಾರವೇನೆಂಬುದನ್ನೂ ಈ ಹೊತ್ತು ನಿಮ್ಮ ಮುಂದೆ ನಿವೇದಿಸುವುದು ನನ್ನ ಉದ್ದೇಶ.

ರೇಡಿಯೋದಲ್ಲಿ ಕುಳಿತು ನಿಸ್ತಂತುವಿನ ಮಾತನ್ನಾಡುವಾಗ ಮೈಸೂರನ್ನು ನೆನೆಯದೆ ಮುಂದೆ ಹೋಗುವುದು ಕೃತಘ್ನತೆಯಾದೀತು. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರು ೧೯೩೫ರ ಸೆಪ್ಟೆಂಬರ್ ೧೦ರಂದು ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ ಒಂದು ಪುಟ್ಟ ಪ್ರೇಷಕಯಂತ್ರವನ್ನಿಟ್ಟುಕೊಂಡು ಬಾನುಲಿ ಪ್ರಸಾರವನ್ನು ಪ್ರಾರಂಭಿಸಿದರು. ಆಕಾಶವಾಣಿ ಎಂದು ಆ ನಿಲಯಕ್ಕೆ ಇಟ್ಟ ಹೆಸರೇ ಮುಂದೆ ಇಡೀ ಭಾರತದ ಬಾನುಲಿಯ ಹೆಸರಾಯಿತು. ಅದಕ್ಕೂ ನಲವತ್ತು ವರ್ಷ ಹಿಂದೆ, ೧೮೯೫ರಲ್ಲಿ, ಕಲ್ಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಕೆಲವೇ ಮಿಲಿಮೀಟರುಗಳಷ್ಟು ಹ್ರಸ್ವವಾದ ವಿದ್ಯುತ್ಕಾಂತ ತರಂಗಗಳನ್ನು ಉತ್ಪಾದಿಸಿ, ಅವು ಗೋಡೆಯನ್ನು ಹಾದುಹೋಗಿ ಆಚೆಯ ಗಂಟೆಯನ್ನು ಬಾರಿಸುವಂತೆ ಮಾಡಿ ತೋರಿಸಿದ್ದರು. ಮನೆಯ ಗೋಡೆಗಳನ್ನು ದಾಟಿ ಬರುವ ಇಂದಿನ ವೈಫೈ ಆ ಪ್ರಯೋಗದ ವಂಶಕ್ಕೇ ಸೇರಿದ್ದು. ಮೈಸೂರು ಆಕಾಶವಾಣಿಯ ಎಫ್.ಎಂ. ಪ್ರಸಾರವು ೧೦೦.೬ ಮೆಗಾಹರ್ಟ್ಸಿನದು, ಎಂದರೆ ಸೆಕೆಂಡಿಗೆ ಹತ್ತು ಕೋಟಿ ಆರು ಲಕ್ಷ ಆವರ್ತನೆಗಳು; ಆ ಅಲೆಯ ಉದ್ದ ಸುಮಾರು ಮೂರು ಮೀಟರು. ವೈಫೈ ಬಳಸುವ ೨.೪ ಗಿಗಾಹರ್ಟ್ಸ್ ಪಟ್ಟಿಯಲ್ಲಿಯಾದರೋ ಸೆಕೆಂಡಿಗೆ ಇನ್ನೂರ ನಲವತ್ತು ಕೋಟಿ ಆವರ್ತನೆಗಳು; ಅಲೆಯ ಉದ್ದ ಹನ್ನೆರಡೂವರೆ ಸೆಂಟಿಮೀಟರು, ನಮ್ಮ ಅಳತೆಯಲ್ಲಿ ಸುಮಾರು ಅರ್ಧ ಗೇಣು. ಜಾತಿ ಒಂದೇ, ಗಾತ್ರ ಬೇರೆ.

ಹಿರಿಯ ಕೇಳುಗರಿಗೆ ಜ್ಞಾಪಕವಿರಬಹುದು: ರೇಡಿಯೋ ಪೆಟ್ಟಿಗೆಯೊಂದನ್ನು ಮನೆಯಲ್ಲಿಟ್ಟುಕೊಳ್ಳುವುದಕ್ಕೂ ಅಂಚೆ ಕಚೇರಿಯಲ್ಲಿ ಹಣ ಕಟ್ಟಿ ಲೈಸೆನ್ಸಿನ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಳ್ಳಬೇಕಾಗಿದ್ದ ಕಾಲವೊಂದಿತ್ತು. ಕೇಳುವುದಕ್ಕೇ ಅಷ್ಟು ಕಟ್ಟುಪಾಡಿದ್ದಾಗ, ಸ್ವತಃ ಪ್ರಸಾರಮಾಡುವ ಯಂತ್ರವನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ತೊಡೆಯ ಮೇಲಿಟ್ಟುಕೊಳ್ಳುವನೆಂದು ಯಾರು ತಾನೆ ಊಹಿಸಿಯಾರು? ಅಮೆರಿಕಾ ದೇಶವು ೧೯೮೫ರಲ್ಲಿ ಕೆಲವು ತರಂಗಪಟ್ಟಿಗಳನ್ನು ಲೈಸೆನ್ಸಿಲ್ಲದೆ ಬಳಸಲು ಬಿಟ್ಟುಕೊಟ್ಟಿತು, ೧೯೯೭ರಲ್ಲಿ ವೈಫೈಗೆ ತಳಹದಿಯಾದ ೮೦೨.೧೧ ಎಂಬ ಮಾನಕವು ಸಿದ್ಧವಾಯಿತು, ಭಾರತದಲ್ಲಿ ೨.೪ ಗಿಗಾಹರ್ಟ್ಸ್ ಪಟ್ಟಿಯು ಅಲ್ಪಶಕ್ತಿಯ ಬಳಕೆಗೆ ಲೈಸೆನ್ಸಿನಿಂದ ಮುಕ್ತವಾದದ್ದು ೨೦೦೫ರಲ್ಲಿ. ನಮ್ಮ ಲ್ಯಾಪ್‌ಟಾಪಿನ ನಿಸ್ತಂತು ಕಾರ್ಡು, ಬೆಂಕಿಪೊಟ್ಟಣಕ್ಕಿಂತ ಚಿಕ್ಕದಾದ ಆ ಹಸಿರು ಹಲಗೆ, ಈ ಅರ್ಥದಲ್ಲಿ ಒಂದು ಪೂರ್ಣಪ್ರಮಾಣದ ಬಾನುಲಿ ನಿಲಯ. ಅದು ಹೇಳುತ್ತದೆ, ಕೇಳುತ್ತದೆ, ಚಾನೆಲ್ ಎಂಬ ಕಾಲುವೆಯಿಂದ ಕಾಲುವೆಗೆ ತಿರುಗಿ ತನಗೆ ಬೇಕಾದ ಜಾಲವನ್ನು ಹುಡುಕಿಕೊಳ್ಳುತ್ತದೆ.

ಅಂತಹ ನಿಲಯಕ್ಕೆ ಅಪ್ಪಣೆ ಕೊಡುವವರೊಬ್ಬರು ಬೇಕು. ಕೆರೆಯಲ್ಲಿ ನೀರು ಎಷ್ಟೇ ತುಂಬಿದ್ದರೂ, ಯಾವ ತೂಬನ್ನು ಎಷ್ಟು ಎತ್ತಿದರೆ ಯಾವ ಗದ್ದೆಯ ಬಯಲಿಗೆ ನೀರು ಹರಿದೀತೆಂಬುದನ್ನು ಬಲ್ಲ ನೀರುಗಂಟಿಯಿಲ್ಲದೆ ಪೈರಿಗೆ ಒಂದು ಹನಿಯೂ ಸೇರುವುದಿಲ್ಲ. ಗಣಕದ ತಿರುಳಿಗೂ ಕಾರ್ಡಿಗೂ ನಡುವೆ ನಿಂತ ಡ್ರೈವರ್ ಎಂಬ ತಂತ್ರಾಂಶವು ಇಂಥದೇ ನೀರುಗಂಟಿ. ಕಾರ್ಡಿನ ಯಾವ ಕೋಶದಲ್ಲಿ ಯಾವ ಅಂಕೆಯನ್ನು ಬರೆದರೆ ಅದು ಯಾವ ಆವರ್ತನೆಗೆ ತಿರುಗುತ್ತದೆ, ಯಾವ ಸನ್ನೆ ಕಂಡರೆ ಸಂದೇಶ ಬಂದಿದೆಯೆಂದು ತಿಳಿಯಬೇಕು, ಇವೇ ಮೊದಲಾದ ಗುಟ್ಟುಗಳೆಲ್ಲ ಅದಕ್ಕೆ ಗೊತ್ತಿರಬೇಕು. ಇದರ ಜೊತೆಗೆ ಫರ್ಮ್‌ವೇರ್ ಎಂಬ ಇನ್ನೊಂದು ಪದಾರ್ಥವುಂಟು: ಕಾರ್ಡಿನೊಳಗೇ ಇರುವ ಪುಟ್ಟ ಸಂಸ್ಕಾರಕವು ನಡೆಸಬೇಕಾದ ಆದೇಶಗಳ ಕಡತ. ಹಿಂದಿನ ಕಾರ್ಡುಗಳಲ್ಲಿ ಈ ಕಡತವನ್ನು ಕಾರ್ಖಾನೆಯಲ್ಲಿಯೇ ಶಾಶ್ವತ ಸ್ಮೃತಿಯಲ್ಲಿ ಬರೆದು ಕಳುಹಿಸುತ್ತಿದ್ದರು. ಆ ಸ್ಮೃತಿಯ ವೆಚ್ಚವನ್ನು ಉಳಿಸುವುದಕ್ಕಾಗಿ, ಯಂತ್ರ ಎಚ್ಚೆತ್ತ ಪ್ರತಿಸಲವೂ ಡ್ರೈವರೇ ಕಡತವನ್ನು ಕಾರ್ಡಿಗೆ ಒಯ್ದು ತುಂಬುವ ಪದ್ಧತಿ ಬಂದಿತು. ಆದಕಾರಣ ಇಂದು ಡ್ರೈವರಿದ್ದೂ ಕಡತವಿಲ್ಲದಿದ್ದರೆ ಕಾರ್ಡು ಮೂಕವಾಗಿಯೇ ಉಳಿಯುತ್ತದೆ.

ತಯಾರಕರು ಈ ಗುಟ್ಟುಗಳನ್ನು ವಿಂಡೋಸಿಗೆ ಡ್ರೈವರ್ ರೂಪದಲ್ಲಿ ಕಟ್ಟಿಕೊಟ್ಟು, ಲಿನಕ್ಸಿನವರಿಗೆ ವಿವರವನ್ನೇ ಕೊಡದೆ ಇದ್ದದ್ದು ನಮ್ಮ ತೊಡಕಿನ ಮೂಲ. ಕೆಡಿಸಿದವನು ಹುಡುಗನಲ್ಲ, ಕೆಟ್ಟದ್ದು ಲಿನಕ್ಸೂ ಅಲ್ಲ. ಹಣ ಕೊಟ್ಟು ಕೊಂಡ ವಸ್ತುವಿನೊಡನೆ ಮಾತನಾಡುವ ಭಾಷೆಯನ್ನು ಕೊಂಡವನಿಂದಲೇ ಮರೆಮಾಡಿಟ್ಟದ್ದು ಅನ್ಯಾಯವೆಂದು ನಾನು ತಿಳಿಯುತ್ತೇನೆ. ಕೆಲವು ತಯಾರಕರು ಇದಕ್ಕೆ ಸಮಾಧಾನವನ್ನೂ ಹೇಳುತ್ತಿದ್ದರು: ಗುಟ್ಟು ಹೊರಬಿದ್ದರೆ ಯಾರಾದರೊಬ್ಬರು ಕಾರ್ಡನ್ನು ನಿಷಿದ್ಧ ತರಂಗಗಳಿಗೆ ತಿರುಗಿಸಿಯಾರು, ಸರ್ಕಾರದ ನಿಯಂತ್ರಣಾಧಿಕಾರಿಗಳಿಗೆ ನಾವು ಉತ್ತರ ಹೇಳಬೇಕಾದೀತು, ಎಂದು. ಈ ಭಯ ಪೂರ್ತಿ ನಿರಾಧಾರವಾದುದೆಂದು ನಾನು ಹೇಳುವುದಿಲ್ಲ. ಆದರೆ ಮುಂದೆ ಅವರೇ ಗುಟ್ಟನ್ನು ಬಿಟ್ಟುಕೊಟ್ಟಾಗ ಆಕಾಶವೇನೂ ಕಳಚಿ ಬೀಳಲಿಲ್ಲ.

ಮುಚ್ಚಿದ ಬಾಗಿಲನ್ನು ತೆರೆದವರು ಯಾರು? ಈ ಪ್ರಶ್ನೆಯ ಉತ್ತರದಲ್ಲಿ, ಸಮಕಾಲೀನ ಜಗತ್ತಿನ ಉದಾತ್ತ ಪ್ರಯತ್ನಗಳಲ್ಲೊಂದೆಂದು ನಾನು ಭಾವಿಸಿರುವ ಒಂದು ಕಥೆಯಿದೆ. ಬ್ರಾಡ್‌ಕಾಮ್ ಸಂಸ್ಥೆಯ ನಿಸ್ತಂತು ಚಿಪ್ಪುಗಳು ೨೦೦೬ರ ಹಿಂದುಮುಂದಿನ ಲ್ಯಾಪ್‌ಟಾಪುಗಳಲ್ಲಿ ಬಹಳವಾಗಿ ಬಳಕೆಯಲ್ಲಿದ್ದವು. ಲಿನಕ್ಸಿಗೆ ಅವುಗಳ ವಿವರವಾಗಲಿ ಡ್ರೈವರಾಗಲಿ ದೊರೆತಿರಲಿಲ್ಲ. ಆಗ ಸ್ವಯಂಸೇವಕರು ಎರಡು ತಂಡಗಳಾಗಿ ವಿಭಾಗವಾದರು. ಒಂದು ತಂಡದವರು ಬೇರೆ ಯಂತ್ರಗಳಿಗಾಗಿ ಇದ್ದ ಡ್ರೈವರನ್ನು ಅಂಗಾಂಗವಾಗಿ ಬಿಡಿಸಿ ಪರೀಕ್ಷಿಸಿ, ಚಿಪ್ಪು ಹೇಗೆ ವರ್ತಿಸುತ್ತದೆಂಬುದನ್ನು ಬರಿಯ ಮಾತಿನಲ್ಲಿ, ವಿವರಣೆಯ ರೂಪದಲ್ಲಿ ಬರೆದಿಡುತ್ತಿದ್ದರು; ಎರಡನೆಯ ತಂಡದವರು ಆ ಡ್ರೈವರಿನ ಕಡೆ ಕಣ್ಣೆತ್ತಿಯೂ ನೋಡದೆ, ಕೇವಲ ಆ ವಿವರಣೆಯನ್ನೋದಿ, ಹೊಸ ಡ್ರೈವರನ್ನು ತಮ್ಮ ಕೈಯಿಂದ ರಚಿಸುತ್ತಿದ್ದರು. ಇಷ್ಟು ಕಟ್ಟುನಿಟ್ಟೇಕೆಂದರೆ, ಅನ್ಯರ ಕೃತಿಯನ್ನು ಕದ್ದರೆಂಬ ಆರೋಪದ ನೆರಳೂ ತಮ್ಮ ಮೇಲೆ ಬೀಳಬಾರದೆಂಬ ಶುದ್ಧವಾದ ನಿರ್ಧಾರ. ಹೀಗೆ ಹುಟ್ಟಿದ ಡ್ರೈವರು ೨೦೦೬ರಲ್ಲಿ ಲಿನಕ್ಸಿನ ೨.೬.೧೭ನೆಯ ಆವೃತ್ತಿಯಲ್ಲಿ ಸ್ಥಾನ ಪಡೆಯಿತು. ಅತ್ತ ಅಥೆರಾಸ್ ಎಂಬ ಇನ್ನೊಂದು ಸಂಸ್ಥೆಯ ಚಿಪ್ಪುಗಳಿಗೆ ಓಪನ್‌ಬಿಎಸ್‌ಡಿ ಎಂಬ ಮುಕ್ತ ಕಾರ್ಯಾಚರಣ ವ್ಯವಸ್ಥೆಯ ಬಳಗದ ರೇಕ್ ಫ್ಲೋಟರ್ ಇದೇ ಬಗೆಯ ಶೋಧನೆಯಿಂದ ದಾರಿ ಮಾಡಿದನು. ಗುಟ್ಟು ಹೇಗೂ ಉಳಿಯದೆಂಬುದು ಮನವರಿಕೆಯಾಯಿತೋ, ಅಥವಾ ಗ್ರಾಹಕರ ಒತ್ತಾಯ ಹೆಚ್ಚಿತೋ, ಅಂತೂ ಅಥೆರಾಸ್ ಸಂಸ್ಥೆಯು ೨೦೦೮ರಲ್ಲಿ ತಾನೇ ಮುಕ್ತವಾದ ಡ್ರೈವರೊಂದನ್ನು ಹೊರತಂದಿತು. ೨೦೧೦ರ ಸೆಪ್ಟೆಂಬರಿನಲ್ಲಿ ಬ್ರಾಡ್‌ಕಾಮ್ ಕೂಡ ತನ್ನ ಕೆಲವು ಚಿಪ್ಪುಗಳಿಗೆ ಹಾಗೆಯೇ ಮಾಡಿತು. ಬೂಕನಕೆರೆಯ ವಿದ್ಯಾರ್ಥಿಯೊಬ್ಬನ ಯಂತ್ರದಲ್ಲಿ ವೈಫೈ ತಾನಾಗಿಯೇ ಹತ್ತಿಕೊಂಡರೆ, ಅದರ ಹಿಂದೆ ಅವನು ಕಂಡು ಕೇಳರಿಯದ ಈ ಜನರ ವರ್ಷಾನುಗಟ್ಟಳೆಯ ರಾತ್ರಿ ಜಾಗರಣೆಯಿದೆ.

ಹತ್ತಿಕೊಳ್ಳದಿದ್ದರೆ ಮಾಡತಕ್ಕದ್ದೇನು? ಮೊದಲು ಮಾಡಬಾರದ್ದನ್ನು ಹೇಳುತ್ತೇನೆ: ಎಲ್ಲಿಯೋ ಯಾರೋ ಬರೆದ ಆಜ್ಞೆಗಳನ್ನು ಅರ್ಥ ತಿಳಿಯದೆ ಒಂದಾದಮೇಲೊಂದು ಟರ್ಮಿನಲ್ ಎಂಬ ಆಜ್ಞೆಗಳ ಕಿಟಕಿಗೆ ಸುರಿಯಬಾರದು. ಕಾರ್ಡು ಯಾವುದೆಂಬುದೇ ತಿಳಿಯದೆ ಔಷಧ ಕೊಡುವುದು ಯುಕ್ತವಲ್ಲ. ಟರ್ಮಿನಲ್ ತೆರೆದು ಎಲ್, ಎಸ್, ಪಿ, ಸಿ, ಐ ಎಂಬ ಐದಕ್ಷರಗಳನ್ನು ಒತ್ತಿ, ಒಂದು ತೆರಪು ಬಿಟ್ಟು, ಅಡ್ಡಗೆರೆಯೊಂದನ್ನೂ ಎನ್ ಅಕ್ಷರವನ್ನು ಎರಡು ಸಲವೂ ಒತ್ತಿ ಎಂಟರ್ ಕೊಟ್ಟರೆ, ಯಂತ್ರದೊಳಗಿನ ಹಲವು ಅಂಗಗಳು ಸಾಲುಸಾಲಾಗಿ ತಮ್ಮ ಹೆಸರು ಹೇಳಿಕೊಳ್ಳುತ್ತವೆ. ಅದರಲ್ಲಿ ನೆಟ್‌ವರ್ಕ್ ಕಂಟ್ರೋಲರ್ ಎಂದಿರುವ ಸಾಲನ್ನು ಹುಡುಕಿ, ಕೊನೆಯಲ್ಲಿ ಚೌಕಕಂಸದೊಳಗಿರುವ ಎರಡು ಸಂಖ್ಯೆಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ನಾಲ್ಕು ನಾಲ್ಕು ಅಂಕಾಕ್ಷರಗಳ ಈ ಜೋಡಿಯಲ್ಲಿ ಮೊದಲನೆಯದು ತಯಾರಕರದು, ಎರಡನೆಯದು ಆ ಚಿಪ್ಪಿನದು. ೮೦೮೬ ಎಂದಿದ್ದರೆ ಇಂಟೆಲ್. ೧೯೭೮ರಲ್ಲಿ ಆ ಸಂಸ್ಥೆ ಹೊರತಂದ ಪ್ರಸಿದ್ಧ ಸಂಸ್ಕಾರಕದ ಸಂಖ್ಯೆಯೇ ಅದರ ಗುರುತಿನ ಸಂಖ್ಯೆಯೂ ಆಗಿರುವುದು ಒಂದು ಸೊಗಸು. ೧೦ಇಸಿ ಎಂದಿದ್ದರೆ ರಿಯಲ್‌ಟೆಕ್, ೧೪ಇ೪ ಎಂದಿದ್ದರೆ ಬ್ರಾಡ್‌ಕಾಮ್, ೧೬೮ಸಿ ಎಂದಿದ್ದರೆ ಅಥೆರಾಸ್. ಪೆಟ್ಟಿಗೆಯ ಮೇಲಿನ ಲ್ಯಾಪ್‌ಟಾಪಿನ ಹೆಸರನ್ನು ನಂಬಬೇಡಿ. ಒಂದೇ ಹೆಸರಿನ ಎರಡು ಯಂತ್ರಗಳಲ್ಲಿ ಎರಡು ಬೇರೆ ಬೇರೆ ಕಾರ್ಡುಗಳಿರುವುದು ಸರ್ವೇಸಾಮಾನ್ಯ. ಸಂಖ್ಯೆಯೊಂದೇ ಪ್ರಮಾಣ.

ಎರಡನೆಯದಾಗಿ, ಕಾರ್ಡು ಇದ್ದೂ ಅದರ ಬಾಯಿ ಕಟ್ಟಿದೆಯೇ ಎಂದು ನೋಡಬೇಕು. ಆರ್‌ಎಫ್‌ಕಿಲ್ ಎಂಬ ಆಜ್ಞೆಯು ಇದನ್ನು ತಿಳಿಸುತ್ತದೆ. ತಂತ್ರಾಂಶದಿಂದ ಆದ ತಡೆ ಒಂದು ಬಗೆ, ಅದನ್ನು ಆಜ್ಞೆಯಿಂದಲೇ ಬಿಡಿಸಬಹುದು. ಯಂತ್ರದ ಅಂಚಿನಲ್ಲಿರುವ ಸಣ್ಣ ಗುಂಡಿಯಿಂದಲೋ, ವಿಮಾನದ ಚಿತ್ರವಿರುವ ಕೀಲಿಯಿಂದಲೋ ಆದ ತಡೆ ಇನ್ನೊಂದು ಬಗೆ, ಅದನ್ನು ಕೈಯಿಂದಲೇ ಬಿಡಿಸಬೇಕು. ಪದೇ ಪದೇ ಲಿನಕ್ಸನ್ನು ಅಳಿಸಿ ಹಾಕುತ್ತ ಕುಳಿತವರ ಯಂತ್ರದಲ್ಲಿ ಕೊನೆಗೆ ಈ ಗುಂಡಿಯೊಂದೇ ಕಾರಣವಾಗಿರುವುದುಂಟು.

ಮೂರನೆಯದು ಫರ್ಮ್‌ವೇರಿನ ಪರೀಕ್ಷೆ. ಡಿ, ಎಂ, ಇ, ಎಸ್, ಜಿ ಎಂಬ ಐದಕ್ಷರಗಳ ಆಜ್ಞೆಯನ್ನು ಕೊಟ್ಟರೆ, ಎಚ್ಚರವಾದಂದಿನಿಂದ ತಿರುಳು ಕಂಡದ್ದನ್ನೆಲ್ಲ ದಿನಚರಿಯಂತೆ ತೋರಿಸುತ್ತದೆ. ಅದರಲ್ಲಿ ಇಂಥ ಹೆಸರಿನ ಫರ್ಮ್‌ವೇರ್ ಕಡತ ಸಿಗಲಿಲ್ಲವೆಂಬ ಸಾಲು ಕಂಡರೆ ನಿರಾಶರಾಗಬೇಡಿ. ರೋಗವೂ ಗೊತ್ತಾಯಿತು, ಮದ್ದಿನ ಹೆಸರೂ ಗೊತ್ತಾಯಿತು. ಆ ಕಡತವನ್ನು ತಂದು ಫರ್ಮ್‌ವೇರಿನ ಕೋಶದಲ್ಲಿಟ್ಟು ಯಂತ್ರವನ್ನು ಮರಳಿ ಪ್ರಾರಂಭಿಸಿದರೆ ಮುಗಿಯಿತು. ಆದರೆ ತರುವುದು ಹೇಗೆ? ಅಂತರ್ಜಾಲ ಬೇಕಾದರೆ ಡ್ರೈವರು ಬೇಕು, ಡ್ರೈವರು ಬೇಕಾದರೆ ಅಂತರ್ಜಾಲ ಬೇಕು; ಈ ಸುಳಿಯಲ್ಲಿ ಸಿಕ್ಕಿಯೇ ಬಹುಮಂದಿ ಕೈಚೆಲ್ಲುತ್ತಾರೆ. ಹೋಬಳಿಯ ಊರಿನಲ್ಲಿ ಈಥರ್ನೆಟ್ ತಂತಿ ಪ್ರತಿಮನೆಯಲ್ಲಿಯೂ ಇರುವುದಿಲ್ಲವೆಂಬುದು ನಿಜ. ಆದರೆ ಆಂಡ್ರಾಯ್ಡ್ ಮೊಬೈಲೂ ಅದಕ್ಕೆ ಚಾರ್ಜು ಹಾಕುವ ತಂತಿಯೂ ಎಲ್ಲೆಡೆ ಇವೆ. ಆ ತಂತಿಯಿಂದ ಮೊಬೈಲನ್ನು ಲ್ಯಾಪ್‌ಟಾಪಿಗೆ ಜೋಡಿಸಿ, ಮೊಬೈಲಿನಲ್ಲಿ ಯುಎಸ್‌ಬಿ ಟೆದರಿಂಗ್ ಎಂಬುದನ್ನು ಒತ್ತಿರಿ. ಲಿನಕ್ಸ್ ತಿರುಳಿನಲ್ಲಿ ಇದಕ್ಕೆ ಬೇಕಾದ ಡ್ರೈವರು ಮೊದಲೇ ಇರುವುದರಿಂದ, ಕೆಲವೇ ಕ್ಷಣಗಳಲ್ಲಿ ಯಂತ್ರವು ಜಾಲಕ್ಕೆ ಸೇರುತ್ತದೆ. ಬೇಕಾದ ಕಡತವನ್ನಾಗಲಿ ಡ್ರೈವರನ್ನಾಗಲಿ ಆ ದಾರಿಯಲ್ಲಿಯೇ ತಂದುಕೊಳ್ಳಬಹುದು. ಇಂದಿನ ಈ ಭಾಷಣದಲ್ಲಿ ಒಂದು ಮಾತು ಮಾತ್ರ ನೆನಪಿನಲ್ಲಿ ಉಳಿಯುವುದಾದರೆ ಇದು ಉಳಿಯಲಿ ಎಂದು ಬಯಸುತ್ತೇನೆ.

ಇನ್ನು ಕೆಲವು ತೊಡಕುಗಳನ್ನು ಬೇಗಬೇಗನೆ ಹೇಳಿ ಮುಗಿಸುತ್ತೇನೆ. ಉಬುಂಟು ಎಂಬ ಬಗೆಯ ಲಿನಕ್ಸನ್ನು ಹಾಕುವಾಗ, ಹೊರಗಿನವರ ತಂತ್ರಾಂಶವನ್ನೂ ಹಾಕಬೇಕೇ ಎಂದು ಕೇಳುವ ಪುಟ್ಟ ಚೌಕವೊಂದು ಬರುತ್ತದೆ. ವೈಫೈ ಬೇಕಾದವರು ಅದಕ್ಕೆ ಗುರುತು ಹಾಕುವುದು ಲೇಸು. ತಿರುಳಿನೊಳಗಿಲ್ಲದ, ಹೊರಗಿನಿಂದ ಕಟ್ಟಿಕೊಂಡ ಡ್ರೈವರಾದರೆ, ಸೆಕ್ಯೂರ್ ಬೂಟ್ ಎಂಬ ಕಾವಲು ಅದನ್ನು ಒಳಗೆ ಬಿಡದಿರಬಹುದು. ಆಗ ಮರುಪ್ರಾರಂಭದ ವೇಳೆ ನೀಲಿಯ ತೆರೆಯೊಂದರಲ್ಲಿ ನಿಮ್ಮ ಕೀಲಿಯನ್ನು ನೋಂದಾಯಿಸಿ ಒಪ್ಪಿಗೆ ಕೊಡಬೇಕು. ಎಲ್ಲವೂ ಸರಿಯಿದ್ದು ಒಂದು ರೌಟರು ಮಾತ್ರ ಕಾಣದಿದ್ದರೆ, ಅದು ಹನ್ನೆರಡನೆಯದೋ ಹದಿಮೂರನೆಯದೋ ಕಾಲುವೆಯಲ್ಲಿ ಮಾತನಾಡುತ್ತಿರಬಹುದು. ಅಮೆರಿಕಾದಲ್ಲಿ ಬಳಕೆಯಲ್ಲಿರುವುದು ಹನ್ನೊಂದು ಕಾಲುವೆಗಳು, ನಮ್ಮಲ್ಲಿ ಹದಿಮೂರು. ಕಾರ್ಡು ತಾನು ಅಮೆರಿಕಾದಲ್ಲಿದ್ದೇನೆಂದು ಭಾವಿಸಿಕೊಂಡಿದ್ದರೆ ಅದಕ್ಕೆ ದೇಶ ಭಾರತವೆಂದು ತಿಳಿಸಿಕೊಟ್ಟರೆ ಅನೇಕ ವೇಳೆ ಸಾಕಾಗುತ್ತದೆ. ಇದ್ಯಾವುದರಿಂದಲೂ ಆಗದಿದ್ದರೆ ಯುಎಸ್‌ಬಿಗೆ ಸಿಕ್ಕಿಸುವ ಅಡಾಪ್ಟರೊಂದನ್ನು ಕೊಳ್ಳಬಹುದು. ಎಆರ್ ೯೨೭೧ ಎಂಬ ಚಿಪ್ಪಿನ ಅಡಾಪ್ಟರುಗಳು ಹಳೆಯವಾದರೂ ಅವುಗಳ ಡ್ರೈವರೊಂದೇ ಅಲ್ಲ, ಫರ್ಮ್‌ವೇರಿನ ಮೂಲಸಂಕೇತವೂ ಮುಕ್ತವಾಗಿದೆ. ವೇಗ ಸಾಮಾನ್ಯ, ಅಂತಃಕರಣ ಪಾರದರ್ಶಕ.

ಹಳೆಯ ಯಂತ್ರವಿರುವವರು ತಮ್ಮನ್ನು ದುರದೃಷ್ಟರೆಂದು ಎಣಿಸಬೇಕಾದ ಕಾರಣವಿಲ್ಲವೆಂಬುದನ್ನೂ ಇಲ್ಲಿಯೇ ಹೇಳಬೇಕು. ಲಿನಕ್ಸಿನಲ್ಲಿ ತೊಂದರೆ ಕೊಡುವುದು ಹೆಚ್ಚಾಗಿ ನಿನ್ನೆ ಮಾರುಕಟ್ಟೆಗೆ ಬಂದ ಹೊಚ್ಚಹೊಸ ಕಾರ್ಡು. ಅದರ ಡ್ರೈವರು ತಿರುಳಿಗೆ ಸೇರಿ, ನಾವು ಬಳಸುವ ಆವೃತ್ತಿಗೆ ಇಳಿದುಬರಲು ಕಾಲ ಬೇಕು. ಹತ್ತು ವರ್ಷದ ಯಂತ್ರದಲ್ಲಾದರೆ ಆ ಕೆಲಸ ಬಹುಮಟ್ಟಿಗೆ ಎಂದೋ ಮುಗಿದುಹೋಗಿರುತ್ತದೆ.

ಸ್ವಾತಂತ್ರ್ಯವನ್ನೇ ವ್ರತವಾಗಿ ಹಿಡಿದವರಲ್ಲಿಯೂ ಈ ಫರ್ಮ್‌ವೇರಿನ ವಿಷಯ ಧರ್ಮಸಂಕಟವನ್ನು ತಂದೊಡ್ಡಿತು. ಡೆಬಿಯನ್ ಎಂಬ ಹಿರಿಯ ಲಿನಕ್ಸ್ ಬಳಗವು, ಮೂಲಸಂಕೇತವಿಲ್ಲದ ಫರ್ಮ್‌ವೇರ್ ಕಡತಗಳನ್ನು ತನ್ನ ಅಧಿಕೃತ ಅನುಸ್ಥಾಪನ ಪ್ರತಿಯಿಂದ ಬಹುಕಾಲ ದೂರವಿಟ್ಟಿತ್ತು. ತತ್ತ್ವಕ್ಕೆ ಅದು ಸರಿ. ಆದರೆ ಅದರ ಫಲವಾಗಿ, ಹೊಸಬನು ಮೊದಲ ಮೆಟ್ಟಿಲಲ್ಲಿಯೇ ಎಡವಿ ಹಿಂತಿರುಗುತ್ತಿದ್ದನು. ದೀರ್ಘ ಚರ್ಚೆಯ ತರುವಾಯ ೨೦೨೨ರಲ್ಲಿ ಡೆಬಿಯನ್ ಸದಸ್ಯರು ಮತಹಾಕಿ, ಆ ಕಡತಗಳನ್ನು ಸೇರಿಸಬಹುದೆಂದು ತೀರ್ಮಾನಿಸಿದರು. ೨೦೨೩ರ ಜೂನ್ ತಿಂಗಳಿನಲ್ಲಿ ಹೊರಬಂದ ಹನ್ನೆರಡನೆಯ ಆವೃತ್ತಿಯಿಂದ ಅವು ಪ್ರತಿಯೊಳಗೇ ಬರುತ್ತಿವೆ. ಇದು ತತ್ತ್ವದಿಂದ ಜಾರಿದ್ದೆಂದು ಕೆಲವರು ನೊಂದುಕೊಂಡರು. ನಾನು ಆ ನೋವನ್ನು ಗೌರವಿಸುತ್ತೇನೆ. ಆದರೂ ತೀರ್ಮಾನ ಸರಿಯಾದುದೆಂದೇ ನನ್ನ ಮತ. ಬಾಗಿಲೊಳಗೆ ಬಂದವನಿಗೆ ಸ್ವಾತಂತ್ರ್ಯದ ಪಾಠವನ್ನು ಹೇಳಬಹುದು, ಹೊರಗೇ ನಿಂತವನಿಗೆ ಹೇಳುವುದು ಹೇಗೆ?

ಕಲಿಸುವ ವಿಷಯದಲ್ಲಿ ನಾವು ಕಣ್ಣು ಹಾಯಿಸಬೇಕಾದದ್ದು ಕಾಸರಗೋಡಿನ ಕಡೆಗೆ. ಕೇರಳದ ಸರ್ಕಾರಿ ಹಾಗೂ ಅನುದಾನಿತ ಶಾಲೆಗಳಲ್ಲಿ ಗಣಕಶಿಕ್ಷಣವು ಬಹುಕಾಲದಿಂದ ಮುಕ್ತ ತಂತ್ರಾಂಶದ ಮೂಲಕವೇ ನಡೆಯುತ್ತಿದೆ. ಅದಕ್ಕೆಂದೇ ಉಬುಂಟುವಿನ ಆಧಾರದ ಮೇಲೆ ಅಲ್ಲಿಯ ಕೈಟ್ ಸಂಸ್ಥೆಯು ತನ್ನದೊಂದು ಲಿನಕ್ಸನ್ನು ಸಿದ್ಧಪಡಿಸಿ ಶಾಲೆಗಳಿಗೆ ಹಂಚುತ್ತದೆ. ಆದುದರಿಂದ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು, ಕನ್ನಡದಲ್ಲಿಯೇ ಅಚ್ಚಾದ ಪಠ್ಯಪುಸ್ತಕವನ್ನು ಮುಂದಿಟ್ಟುಕೊಂಡು, ಲಿನಕ್ಸ್ ಯಂತ್ರದ ಮುಂದೆ ಕುಳಿತು ಕಲಿಯುತ್ತಾರೆ. ಆ ಮಕ್ಕಳಿಗೆ ಲಿನಕ್ಸ್ ವಿಚಿತ್ರವಸ್ತುವಲ್ಲ, ನಿತ್ಯದ ಗಣಕ. ಗಡಿಯಾಚೆಯ ಕನ್ನಡ ಮಕ್ಕಳಿಗೆ ಸಾಧ್ಯವಾದದ್ದು ಮಂಡ್ಯ ಜಿಲ್ಲೆಯ ಮಕ್ಕಳಿಗೆ ಅಸಾಧ್ಯವಾಗಲು ಯಾವ ಕಾರಣವೂ ನನಗೆ ತೋರುವುದಿಲ್ಲ.

ನಮ್ಮಲ್ಲಿರುವ ಕೊರತೆ ಬುದ್ಧಿಯದಲ್ಲ, ಬರೆದಿಟ್ಟ ತಿಳಿವಳಿಕೆಯದು. ನಾನು ಈವರೆಗೆ ವಿವರಿಸಿದ ಪರೀಕ್ಷೆಗಳೆಲ್ಲ ಇಂಗ್ಲಿಷಿನಲ್ಲಿ ನೂರು ಕಡೆ ಬರೆಯಲ್ಪಟ್ಟಿವೆ. ಕನ್ನಡದಲ್ಲಿ ಹುಡುಕುವವನಿಗೆ ದೊರೆಯುವುದು ಅತ್ಯಲ್ಪ. ಅಕ್ಕಿಹೆಬ್ಬಾಳಿನಲ್ಲಿ ಜನಿಸಿದ ಪ್ರಬಂಧಕಾರ ಎ. ಎನ್. ಮೂರ್ತಿರಾಯರನ್ನೂ ಕಿಕ್ಕೇರಿಯ ಕವಿ ಕೆ. ಎಸ್. ನರಸಿಂಹಸ್ವಾಮಿಯವರನ್ನೂ ಕನ್ನಡಕ್ಕೆ ಕೊಟ್ಟದ್ದು ಇದೇ ಕೃಷ್ಣರಾಜಪೇಟೆ ತಾಲ್ಲೂಕು. ಮನಸ್ಸಿನ ಅತಿ ಸೂಕ್ಷ್ಮವಾದ ಭಾವವನ್ನು ತಿಳಿಗನ್ನಡದಲ್ಲಿ ಹೇಳಬಹುದೆಂದು ಅವರು ತೋರಿಸಿಕೊಟ್ಟಿರುವಾಗ, ಒಂದು ಕಾರ್ಡಿನ ಸಂಖ್ಯೆಯನ್ನು ಓದುವ ಕ್ರಮವನ್ನು ಅದೇ ಭಾಷೆಯಲ್ಲಿ ಹೇಳಲು ನಮಗೆ ಸಂಕೋಚವೇಕಿರಬೇಕು? ಡ್ರೈವರು, ಟರ್ಮಿನಲ್ಲು, ಫರ್ಮ್‌ವೇರು ಎಂಬ ಮಾತುಗಳು ಹಾಗೆಯೇ ಇರಲಿ. ಅವು ರೈಲು, ಬಸ್ಸು, ಚೆಕ್ಕುಗಳಂತೆ ನಮ್ಮವೇ ಆಗಿಹೋಗಿವೆ.

ಆದಕಾರಣ ಕೃಷ್ಣರಾಜಪೇಟೆ, ಪಾಂಡವಪುರ, ನಾಗಮಂಗಲ, ಶ್ರೀರಂಗಪಟ್ಟಣಗಳ ಸುತ್ತಮುತ್ತ ಓದುತ್ತಿರುವ ತರುಣ ತರುಣಿಯರಲ್ಲಿ ನನ್ನದು ಎರಡು ಬಿನ್ನಹ. ಲ್ಯಾಪ್‌ಟಾಪನ್ನು, ಹೊಸದಾಗಲಿ ಕೈಬದಲಾದದ್ದಾಗಲಿ, ಕೊಳ್ಳುವ ಮುನ್ನ ಅದರೊಳಗಿನ ನಿಸ್ತಂತು ಕಾರ್ಡು ಯಾವುದೆಂದು ಮಾರುವವನನ್ನು ಕೇಳಿರಿ. ಆಗುವುದಾದರೆ ಲಿನಕ್ಸ್ ಇರುವ ಪೆನ್‌ಡ್ರೈವನ್ನು ಜೊತೆಯಲ್ಲಿಯೇ ಒಯ್ದು, ಏನನ್ನೂ ಅಳಿಸದೆ ಅದರಿಂದಲೇ ಯಂತ್ರವನ್ನು ಎಚ್ಚರಿಸಿ, ವೈಫೈ ಹತ್ತುವುದೇ ಎಂದು ಅಲ್ಲಿಯೇ ನೋಡಿರಿ. ಇದು ಕೊಳ್ಳುವವರ ಹಕ್ಕು. ಕೇಳುವವರು ಹೆಚ್ಚಿದಷ್ಟೂ ತಯಾರಕರು ಗುಟ್ಟನ್ನು ಬಿಟ್ಟುಕೊಡುವುದು ಹೆಚ್ಚುತ್ತದೆ. ಎರಡನೆಯದು, ನಿಮ್ಮ ಯಂತ್ರದಲ್ಲಿ ವೈಫೈ ಸರಿಹೋದ ದಿನ, ಕಾರ್ಡಿನ ಆ ಎಂಟು ಅಂಕಾಕ್ಷರಗಳನ್ನೂ, ಹಾಕಿದ ಲಿನಕ್ಸಿನ ಹೆಸರನ್ನೂ ಆವೃತ್ತಿಯನ್ನೂ, ಬೇಕಾದ ಕಡತವನ್ನೂ, ಮಾಡಿದ ಕೆಲಸದ ಕ್ರಮವನ್ನೂ ಅರ್ಧ ಹಾಳೆ ಕನ್ನಡದಲ್ಲಿ ಬರೆದು, ನಿಮ್ಮೂರಿನ ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ ಒಂದು ಪ್ರತಿ, ನಿಮ್ಮ ಕಾಲೇಜಿನ ಪ್ರಯೋಗಶಾಲೆಯಲ್ಲಿ ಒಂದು ಪ್ರತಿ ಇಟ್ಟು ಬನ್ನಿರಿ. ಅದೇ ಕಾರ್ಡಿರುವ ಇನ್ನೊಂದು ಯಂತ್ರ ನಿಮ್ಮ ಹೋಬಳಿಯಲ್ಲಿಯೇ ಇದೆ.